ಬೆರಳಿಗೆ ಸಿಗದ ತ್ರಿಭುಜ



ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ಮೇಷ್ಟ್ರು. ಒಂದು ವರ್ಷ ನನ್ನ ಎಂಟನೇ ತರಗತಿಗೆ ಕಣ್ಣು ಕಾಣದ ಹುಡುಗಿಯೊಬ್ಬಳು ಬಂದಳು. ಬೋರ್ಡಿನ ಮೇಲೆ ತ್ರಿಭುಜ ಬರೆದು, ‘ಈ ಬಾಹು, ಈ ಕೋನ’ ಎನ್ನುತ್ತ ಪಾಠ ಮುಗಿಸಿದೆ. ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದು ಕೇಳಿದಳು: ‘ಸಾರ್, ಈ ಅಂದ್ರೆ ಯಾವುದು?’ ಅವಳ ಬೆರಳಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ‘ನಿನಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಬದಲು ಬೇರೆ ವಿಷಯ ಕೊಡ್ತಾರಮ್ಮ, ಚಿಂತೆ ಮಾಡಬೇಡ’ ಎಂದೆ. ಸಮಾಧಾನ ಹೇಳಿದೆ ಅಂದುಕೊಂಡಿದ್ದೆ.

ವಿನಾಯಿತಿ ಬೇಕಾದವರಿಗೆ ಇರಲಿ. ಆದರೆ ಓದಲು ಪುಸ್ತಕವೇ ಇಲ್ಲದ ಮಗುವಿಗೆ ಅದು ಆಯ್ಕೆಯಲ್ಲ. ಹತ್ತರಲ್ಲಿ ಗಣಿತ ಬಿಟ್ಟರೆ ಮುಂದೆ ವಿಜ್ಞಾನದ ದಾರಿ ಮುಚ್ಚಿದಂತೆಯೇ. ಆಂಧ್ರದ ಅಂಧ ವಿದ್ಯಾರ್ಥಿ ಶ್ರೀಕಾಂತ್ ಬೊಲ್ಲಾ ಹತ್ತನೇ ತರಗತಿಯ ನಂತರ ವಿಜ್ಞಾನ ಓದಲು ಕೋರ್ಟಿಗೇ ಹೋಗಬೇಕಾಯಿತು. ಓದಿ, ಅಮೆರಿಕದ ಎಂಐಟಿ ಸೇರಿದರು. ಎಷ್ಟು ಮಕ್ಕಳ ಮನೆಯವರು ಕೋರ್ಟು ಹತ್ತಿಯಾರು?

‘ಈಗ ಮೊಬೈಲೇ ಓದಿ ಹೇಳುತ್ತದಲ್ಲ’ ಎನ್ನುವವರಿದ್ದಾರೆ. ಕಥೆಗೆ, ಇತಿಹಾಸಕ್ಕೆ ಅದು ಸಾಕು. ಗಣಿತಕ್ಕೆ ಸಾಲದು. ‘ಎಕ್ಸ್ ಪ್ಲಸ್ ಒಂದು ಬೈ ಎರಡು’ ಎಂದು ಕಿವಿಗೆ ಬಿತ್ತು ಎನ್ನಿ. ಎರಡರಿಂದ ಭಾಗಿಸಬೇಕಾದ್ದು ಒಂದನ್ನೋ, ಇಡೀ ಮೊತ್ತವನ್ನೋ? ಎಕ್ಸ್ ಬೆಲೆ 3 ಆದರೆ ಉತ್ತರ ಒಂದು ಕಡೆ 3.5, ಇನ್ನೊಂದು ಕಡೆ 2. ಭಿನ್ನರಾಶಿ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಾನೇ ಹಿಂದೆ ಮುಂದೆ ಸವರಿ ನೋಡಲು ಬೆರಳಿನ ಕೆಳಗೆ ಅಕ್ಷರ ಇರಲೇಬೇಕು. ಸ್ವತಃ ಅಂಧರಾಗಿದ್ದ ಗಣಿತಜ್ಞ ಅಬ್ರಹಾಂ ನೆಮೆತ್ ಇದಕ್ಕೆಂದೇ ಬ್ರೈಲಿನ ಆರು ಚುಕ್ಕೆಗಳಲ್ಲಿ ಗಣಿತ ಲಿಪಿಯೊಂದನ್ನು ಕಟ್ಟಿಕೊಟ್ಟರು.

ಲೆಕ್ಕವನ್ನು ಬ್ರೈಲಿಗೆ ತಂದರೂ ಚಿತ್ರ ಉಳಿಯುತ್ತದೆ. ಹತ್ತನೇ ತರಗತಿಯ ಥೇಲ್ಸ್ ಪ್ರಮೇಯವನ್ನೇ ನೋಡಿ. ಪುಸ್ತಕದ ಚಿತ್ರವನ್ನು ಹಾಗೆಯೇ ಉಬ್ಬಿಸಿಕೊಟ್ಟರೆ ಬೆರಳಿಗೆ ಬರೀ ಗೋಜಲು. ಮೊದಲ ಹಾಳೆಯಲ್ಲಿ ತ್ರಿಭುಜ ಮಾತ್ರ ಬರಬೇಕು. ಎರಡನೆಯದರಲ್ಲಿ ಪಾದಕ್ಕೆ ಸಮಾಂತರವಾದ ಗೆರೆ ಸೇರಬೇಕು, ಅದೂ ಬೇರೆ ದಪ್ಪದ ದಾರದಲ್ಲಿ. ಹೆಸರಿನ ಅಕ್ಷರ ಗೆರೆಗೆ ತಾಗುವಂತಿಲ್ಲ. ಬಿಸಿಗೆ ಉಬ್ಬುವ ಕಾಗದ, ಪ್ಲಾಸ್ಟಿಕ್ ಹಾಳೆಯ ಅಚ್ಚು ಎಲ್ಲ ಇವೆ. ಏನೂ ಸಿಗದಿದ್ದರೆ ರಟ್ಟು, ಹುರಿ, ಅಂಟು ಸಾಕು. ಮಂದದೃಷ್ಟಿಯ ಮಕ್ಕಳಿಗೂ ಪುಟವನ್ನು ಜೆರಾಕ್ಸಿನಲ್ಲಿ ಹಿಗ್ಗಿಸಿದರೆ ಆಗದು. ತೆಳು ಬೂದು ಗೆರೆ ಹಿಗ್ಗಿದರೂ ಬೂದೇ. ಅವರಿಗೆ ಹೊಳಪಿಲ್ಲದ ಕಾಗದದ ಮೇಲೆ ದಪ್ಪ ಕಪ್ಪು ಗೆರೆ ಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನವಿಟ್ಟು ಸ್ವರ ಕಲಿಸಿದರು. ಜನ ಅವರ ಬೆನ್ನಿಗೆ ನಿಂತರು. ಆ ಋಣ ದೊಡ್ಡದು. ಆದರೆ ಕಣ್ಣಿಲ್ಲದ ಮಗು ಎಂದರೆ ಹಾರ್ಮೋನಿಯಂ ಎಂದು ನಾವು ಉಳಿದವರು ಅಲ್ಲಿಗೇ ನಿಂತುಬಿಟ್ಟೆವು. ಲೆಕ್ಕದಲ್ಲಿ ಮನಸ್ಸಿರುವ ಮಗು ಎಲ್ಲಿಗೆ ಹೋಗಬೇಕು?

ಕಾನೂನು ಅಡ್ಡಿ ಮಾಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕೆಯ ಸಾಮಗ್ರಿಯನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಅವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಕೃತಿಸ್ವಾಮ್ಯದ ತೊಡಕನ್ನು 2012ರ ತಿದ್ದುಪಡಿ ನಿವಾರಿಸಿದೆ. ಮೈಸೂರಿನಲ್ಲಿ ಸರ್ಕಾರದ್ದೇ ಬ್ರೈಲ್ ಮುದ್ರಣಾಲಯವಿದೆ. ಕೇಳುವ ದನಿ ಸಾಲದಾಗಿದೆ. ನಿಮ್ಮೂರಿನ ಶಾಲೆಯಲ್ಲಿ ಇಂಥ ಒಂದೇ ಮಗು ಇದ್ದರೂ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು, ‘ಚಿತ್ರ ಸಮೇತ ಗಣಿತ ಪುಸ್ತಕ ಎಂದು ಬರುತ್ತದೆ?’ ಎಂದು ಕೇಳಿ. ಬಿಇಓ ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಪುಸ್ತಕ ಪರೀಕ್ಷೆಯ ಹೊತ್ತಿಗಲ್ಲ, ಶಾಲೆ ತೆರೆಯುವ ದಿನ ಬರಬೇಕು. ಗಣಿತದ ಮೇಷ್ಟ್ರುಗಳೇ, ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ. ‘ಈ’, ‘ಅದು’ ಬಿಟ್ಟು ‘ಎಬಿ ಬಾಹು’ ಎನ್ನಿ. ಕಂಪ್ಯೂಟರ್ ಬಲ್ಲ ಯುವಕರೇ, ಸಮೀಕರಣಗಳನ್ನು ಫೋಟೋ ಹಿಡಿದು ಅಂಟಿಸಬೇಡಿ, ಬ್ರೈಲಿಗೆ ತಿರುಗಿಸಲು ಬರುವಂತೆ ಟೈಪ್ ಮಾಡಿಕೊಡಿ.

ನಾನು ತ್ರಿಭುಜಗಳ ಅಧ್ಯಾಯದಿಂದ ಶುರು ಮಾಡಿದ್ದೇನೆ. ಹುರಿ ಅಂಟಿಸಿದ ರಟ್ಟುಗಳು ಮನೆಯ ಜಗಲಿಯಲ್ಲಿ ಒಣಗುತ್ತಿವೆ. ಕಣ್ಣಿದ್ದವರು ನೋಡಿ ‘ಚೆನ್ನಾಗಿದೆ’ ಎಂದರೆ ಆಗದು, ಸರಿಯೋ ತಪ್ಪೋ ಹೇಳಬೇಕಾದ್ದು ಬೆರಳು. ಬ್ರೈಲ್ ಓದಬಲ್ಲ ಒಬ್ಬರು ಬಂದು ಇವನ್ನು ಸವರಿ ನೋಡಿ, ಎಲ್ಲಿ ಗೋಜಲಾಯಿತೆಂದು ಹೇಳಿಕೊಡಿ. ಅಲ್ಲಿ ಬಿಚ್ಚಿ ಮತ್ತೆ ಅಂಟಿಸುತ್ತೇನೆ.