ಉತ್ಸಾಹಕ್ಕೂ ತಾಲೀಮು ಬೇಕು
ಈ ವಾರ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಕಡ್ಡಿ ಗೀರಿ ಹೋದರು, ಒಣಹುಲ್ಲು ಹೊತ್ತಿಕೊಂಡಿತು. ಹತ್ತಾರು ಮಂದಿ ಮೊಬೈಲ್ ಎತ್ತಿ ಹಿಡಿದರು. ಪಕ್ಕದ ಕಟ್ಟಡದ ವಾಚ್‌ಮನ್ ಮಾತ್ರ ಗೋಣಿಚೀಲ ನೆನೆಸಿಕೊಂಡು ಬಂದು ಬಡಿದ. ಹಾಗಂತ ನಮ್ಮಲ್ಲಿ ಒಳ್ಳೆಯ ಮನಸ್ಸಿಗೇನೂ ಬರವಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಬೆಂಗಳೂರು, ಮೈಸೂರುಗಳಿಂದ ಯುವಕರು ಧಾವಿಸಿ, ಹಸಿ ಸೊಪ್ಪಿನ ಕೊಂಬೆ ಹಿಡಿದು ಅರಣ್ಯ ಸಿಬ್ಬಂದಿಯ ಜೊತೆ ನಿಂತರು. ಆದರೆ ಗಾಳಿ ತಿರುಗಿದರೆ ಎತ್ತ ಓಡಬೇಕು, ಒಣಗಿದ ಲಂಟಾನದ ಪೊದೆ ಎಷ್ಟು ಬೇಗ ಧಗ್ಗೆನ್ನುತ್ತದೆ ಎಂಬುದು ಕಾಡಿನ ವಾಚರನಿಗೆ ಗೊತ್ತು, ಬರೀ ಉತ್ಸಾಹಕ್ಕೆ ಗೊತ್ತಿಲ್ಲ. ಚಿಲಿ ದೇಶವನ್ನು ನೋಡಿ: 1851ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಶುರುವಾದ ಪದ್ಧತಿಯಂತೆ ಅಲ್ಲಿನ ಅಗ್ನಿಶಾಮಕರು ಇಂದಿಗೂ ಸಂಬಳವಿಲ್ಲದ ಸ್ವಯಂಸೇವಕರು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾ, ತಮ್ಮ ದಳಕ್ಕೆ ತಾವೇ ತಿಂಗಳ ಚಂದಾ ಕಟ್ಟಿ, ತರಬೇತಿ ಪಡೆದು ಸಜ್ಜಾಗಿರುತ್ತಾರೆ. ನಮ್ಮದು ಬೆಂಕಿ ಬಿದ್ದಾಗ ಬಾವಿ ತೋಡುವ ಸೇವೆ. ಕಾಡಂಚಿನ ಪ್ರತಿ ಪಂಚಾಯಿತಿಯಲ್ಲೂ ಹತ್ತು ಜನರಿಗೆ ಡಿಸೆಂಬರಿನಲ್ಲೇ ಬೂಟು, ತರಬೇತಿ, ವಿಮೆ ಕೊಟ್ಟುಬಿಡಿ. ಬೇಸಿಗೆಯಲ್ಲಿ ವಾಟ್ಸಾಪ್‌ನಲ್ಲಿ ಅಂಗಲಾಚಿ ಜನ ಸೇರಿಸುವ ಪಾಡು ತಪ್ಪುತ್ತದೆ.