ಶಾಲು ಬೇಡ, ಕಾರಣ ಕೊಡಿ

ಆಗಸ್ಟ್ 15 ಬಂತೆಂದರೆ ಮಾಜಿ ಸೈನಿಕರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಫೋಟೊ ತೆಗೆದು ಪತ್ರಿಕೆಗೆ ಕಳಿಸುವವರು ನಾವೇ. ಅದೇ ಮನುಷ್ಯನ ಅಂಗವೈಕಲ್ಯ ಪಿಂಚಣಿ ತಿರಸ್ಕಾರವಾದರೆ ನಾವು ನಾಲ್ಕು ಸಾಲೂ ಬರೆಯುವುದಿಲ್ಲ.

ತಿರಸ್ಕಾರಕ್ಕೆ ದಾರಿ ಎರಡು. ಸೇನೆಯ ವೈದ್ಯಕೀಯ ಮಂಡಳಿ 'ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ' ಎಂದು ಬರೆಯುವುದು ಒಂದು. ಅಂಗವೈಕಲ್ಯ ಶೇ. 20ಕ್ಕಿಂತ ಕಡಿಮೆ ಎಂದು ನಮೂದಿಸುವುದು ಇನ್ನೊಂದು. ಶೇ. 20 ಇದ್ದರೆ ಲೆಕ್ಕಕ್ಕೆ ಅದನ್ನು 50 ಎಂದು ಹಿಡಿಯಬೇಕು. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಲಾಭ ಸಲ್ಲುತ್ತದೆ ಎಂದು 2014ರಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಥವರಿಗೆ 19 ಎಂದು ಬರೆದರೆ ಮಾತ್ರ ಸೊನ್ನೆ. ಒಂದೇ ಒಂದು ಅಂಕಿಯ ಮೇಲೆ ಮನೆಯ ಲೆಕ್ಕವೇ ನಿಂತಿದೆ.

ಧರಮವೀರ್ ಸಿಂಗ್ 1985ರಲ್ಲಿ ಸೇನೆ ಸೇರಿದರು. ಮೂರ್ಛೆರೋಗವೆಂದು 1994ರಲ್ಲಿ ಮನೆಗೆ ಕಳಿಸಿದರು, ಪಿಂಚಣಿ ಕೊಡಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸೇರುವಾಗ ಕಾಯಿಲೆ ದಾಖಲಾಗಿಲ್ಲದಿದ್ದರೆ ಅದು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು. ಅಲ್ಲ ಎನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊಣೆ ಸೈನಿಕನದ್ದಲ್ಲ.

ತೀರ್ಪು ಬಂದು ದಶಕ ಕಳೆದರೂ ಪ್ರತಿಯೊಬ್ಬನೂ ಅದನ್ನೇ ಮತ್ತೆ ಗೆಲ್ಲಬೇಕಾಗಿದೆ. ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು, ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ. ಬೀದರಿನಿಂದ ಕೊಚ್ಚಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು. ಮಂಡಿ ಸವೆದವನಿಗೆ ಇದು ನ್ಯಾಯವೋ, ಇನ್ನೊಂದು ಪರೇಡೋ?

ಕೆಲವರು ದುರುಪಯೋಗ ಮಾಡುತ್ತಾರೆ ಎನ್ನುವ ಮಾತಿದೆ. ಮಾಡಿದವರನ್ನು ಹಿಡಿಯಿರಿ. ಅದಕ್ಕಾಗಿ ಸಾಮಾನ್ಯ ಸಿಪಾಯಿಯನ್ನೂ ಸುಳ್ಳುಗಾರನಂತೆ ನಿಲ್ಲಿಸಬೇಡಿ.

ನಾವು ಕೇಳುವುದು ಮೂರೇ. ಕಾರಣ ಬರೆಯದ ತಿರಸ್ಕಾರವನ್ನು ಇಲಾಖೆಯೇ ವಾಪಸ್ ಪಡೆಯಲಿ. ಬೆಂಗಳೂರಿನಲ್ಲಿ ಕಾಯಂ ಪೀಠ ಬರಲಿ. ಪ್ರತಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮೇಲ್ಮನವಿ ಬರೆದುಕೊಡುವ ಒಬ್ಬರು ಕೂರಲಿ.

ತಿರಸ್ಕಾರದ ಪತ್ರ ಮನೆಯಲ್ಲಿದ್ದವರು ಅದನ್ನು ಟ್ರಂಕಿನೊಳಗೆ ಇಡಬೇಡಿ. ತಾರೀಖು ನೋಡಿ, ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ಕೇಳಿ, ಮೇಲ್ಮನವಿ ಹಾಕಿ. ಈ ಸಲ ಶಾಲಿನ ಫೋಟೊ ಜೊತೆಗೆ ಆ ಪತ್ರದ ಸುದ್ದಿಯನ್ನೂ ನಾವು ಕಳಿಸುತ್ತೇವೆ.