ಇದಕ್ಕೂ ಪೆನ್ಷನ್ ಅಂತಾರೆ ನೋಡಿ!

ನವೆಂಬರ್ ಬಂತೆಂದರೆ ನಮ್ಮ ದೌಂಡಿನ ಬ್ಯಾಂಕಿನಲ್ಲಿ ಮುದುಕರ ಜಾತ್ರೆ. ‘ಹಯಾತಿಚಾ ದಾಖಲಾ’, ಅಂದರೆ ನಾನಿನ್ನೂ ಬದುಕಿದ್ದೇನೆ ಅನ್ನೋ ಸರ್ಟಿಫಿಕೇಟು ಕೊಡುವ ಕಾಲ. ಒಂದೇ ಸಾಲಿನಲ್ಲಿ ರೈಲ್ವೆಯವರು, ಕುರಕುಂಭ ಎಂಐಡಿಸಿಯ ಕಾರ್ಖಾನೆಯವರು. ರೈಲ್ವೆಯ ಹಳಬರಿಗೆ ಕೊನೆಯ ಮೂಲವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ಕಾರ್ಖಾನೆಯವರದು ಇಪಿಎಸ್-95.

ನಮ್ಮ ಕಲಬುರಗಿ ಕಡೆಯ ಕಾಕಾ ಒಬ್ಬರು ಪಾಸ್‌ಬುಕ್ ಮುಂದಿಟ್ಟರು. ಹತ್ತೊಂಬತ್ತು ವರ್ಷ ದುಡಿದವರು. ಎರಡು ಸಾವಿರ ಚಿಲ್ಲರೆ ಬಂದಿತ್ತು.
“ಸಾಹೇಬ್ರ, ಒಂದ್ ಸೊನ್ನಿ ಬಿಟ್ಟಾರೇನ್ ನೋಡ್ರಿ.”
ಬಿಟ್ಟಿಲ್ಲ ಕಾಕಾ, ಅಷ್ಟೇ ಅಂದೆ.

ನಾನು ಬಿಕಾಂ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಸಂಬಳ ಅಂದರೆ ಪೂರ್ತಿ ಸಂಬಳ ಅಲ್ಲ ಮತ್ತೆ! ಅದಕ್ಕೊಂದು ಮಿತಿ: 2001ರಿಂದ 6,500, 2014ರ ಸೆಪ್ಟೆಂಬರಿನಿಂದ 15,000. ಪೂರಾ 35 ವರ್ಷ 15,000ದ ಲೆಕ್ಕದಲ್ಲೇ ದುಡಿದರೂ 7,500 ಆಗುತ್ತೆ. ತುಟ್ಟಿಭತ್ಯೆ? ಕೇಳಲೇಬೇಡಿ. ಕನಿಷ್ಠ 1,000 ಅಂತ ಮಾಡಿದ್ದೂ ಅದೇ 2014ರಲ್ಲಿ. 2024 ಮುಗಿದಾಗಲೂ ಅದು ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಬೇಳೆ, ಗ್ಯಾಸು, ಆಟೋ ಯಾವುದು ನಿಂತಿತ್ತು ಹೇಳಿ?

ನಿಧಿಯಲ್ಲಿ ದುಡ್ಡಿಲ್ಲ ಅನ್ನೋ ಮಾತು ಸುಮ್ಮನೆ ಒಪ್ಪಬೇಡಿ. ಮಾಲೀಕನ ಪಾಲಿನಿಂದ ಹೋಗುವುದು 8.33%, ಸರ್ಕಾರ ಹಾಕುವುದು 1.16%, ಅದೂ ಮಿತಿಯೊಳಗಿನ ಸಂಬಳಕ್ಕೆ. ಹಾಕುವುದೇ ಇಷ್ಟಾದರೆ ಬರುವುದೆಲ್ಲಿಂದ? ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ 3,000 ಕೊಡಿ ಅಂದದ್ದು 2013ರಲ್ಲಿ. ಅವರು ಮುಂದೆ ನಮ್ಮ ಮಹಾರಾಷ್ಟ್ರಕ್ಕೇ ರಾಜ್ಯಪಾಲರಾಗಿ ಬಂದು ಹೋದರು, 3,000 ಮಾತ್ರ ಬರಲಿಲ್ಲ.

ನನಗೆ ಚಿಂತೆ ಇಲ್ಲ, ಒಪ್ಪಿಕೊಳ್ತೀನಿ. ಬ್ಯಾಂಕಿನ 1995ರ ಪೆನ್ಷನ್ ನಿಯಮದವನು. 2010ರ ಏಪ್ರಿಲ್ ನಂತರ ಸೇರಿದ ಪಕ್ಕದ ಕೌಂಟರಿನ ಹುಡುಗರು ಎನ್‌ಪಿಎಸ್, ಅವರದು ಮಾರ್ಕೆಟ್ ಹೇಳಿದಂತೆ.

ಇನ್ನು ನಮ್ಮವರ ಸಮಾಧಾನ ಒಂದಿದೆ: ರಿಟೈರಾದ ಮೇಲೆ ಊರಿಗೆ ಹೋದರಾಯ್ತು, ಅಲ್ಲೇನು ಖರ್ಚು ಅಂತ. ಯಾವ ಊರು ಸ್ವಾಮಿ? ಅಲ್ಲಿನ ಮನೆ ತಮ್ಮಂದಿರ ಪಾಲಾಗಿ ಎಷ್ಟು ವರ್ಷವಾಯ್ತು! ಬಿಪಿ ಮಾತ್ರೆಗೆ ಕಲಬುರಗಿಯಲ್ಲೂ ಅದೇ ಎಂಆರ್‌ಪಿ.

ಕಾಕಾನ ಹೆಬ್ಬೆರಳು ಸವೆದು ಹೋಗಿದೆ, ಮಷೀನು ಎರಡು ಸಲ ಒಪ್ಪಲಿಲ್ಲ. ಮೂರನೇ ಸಲಕ್ಕೆ ಹಸಿರು ದೀಪ ಬಂತು. ಐನೂರು ತೆಗೆದುಕೊಂಡು, ಉಳಿದದ್ದು ಇರಲಿ, ಮುಂದಿನ ವಾರ ಔಷಧಕ್ಕೆ ಬೇಕಾಗುತ್ತೆ ಅಂತ ಹೇಳಿ ಹೋದರು.